ಖಾಲಿ ಹಾಳೆಯ ಮೇಲೆ ಬಂದರು

ಹತ್ತೊಂಬತ್ತು ವರ್ಷ ಕಲಿತ ಮೇಲೂ
ಕ್ಯಾಪ್ಟನ್ ಹೇರಂಬ ತಾಂಡೇಲರ ಎದೆಯ ಪಟ್ಟಿಯಲ್ಲಿ
‘ಟ್ರೇನಿ’ ಅಂತಲೇ ಇತ್ತು.
ಕಿವಿಯ ಮೇಲೆ ಕೂದಲು ಬೆಳ್ಳಗೆ.
ಮಗಳಿಗೆ ಹತ್ತನೇ ಇಯತ್ತೆ, ಅಪ್ಪನಿಗೂ ಪರೀಕ್ಷೆ,
ವಾಸ್ಕೋದ ಮನೆಯಲ್ಲಿ ಇರುವುದು ಒಂದೇ ಮೇಜು,
ಒಂದೇ ಕೈವಾರಕ್ಕೆ ಇಬ್ಬರ ಜಗಳ.

ಪೈಲಟ್ ಅಂದರೆ ವಿಮಾನದವರಲ್ಲ.
ಹೊರಗಡಲಲ್ಲಿ ನಿಂತ ಹಡಗು ಹತ್ತಿ
ಕೈ ಹಿಡಿದು ಒಳತರುವವರು.
ಅವರನ್ನು ಹಡಗಿನ ಬುಡಕ್ಕೆ ಮುಟ್ಟಿಸುವವ ನಾನು,
ಬೊಮ್ಮಯ್ಯ, ಬೆಳಂಬಾರದವ,
ನಾಲ್ಕನೇ ಕ್ಲಾಸಿಗೆ ಪಾಟಿ ಒಡೆದವ.
ಮುರಗಾಂವ ಬಂದರಿನ ಬಾಯಲ್ಲಿ
ಇದು ನನಗೆ ಮೂವತ್ತೊಂದನೇ ಮಳೆಗಾಲ.

ಕೆಡೆಟ್ ಆಗಿ ತುಕ್ಕು ಕೆರೆದದ್ದು,
ಮೂರನೇ ಮೇಟು, ಎರಡನೇ ಮೇಟು, ಮೊದಲನೇ ಮೇಟು
(ಮೇಲೇರಿದಷ್ಟೂ ಅಂಕಿ ಇಳಿಯುವ ಏಣಿ ಅದು),
ಆಮೇಲೆ ಮಾಸ್ಟರು, ಹೆಗಲಿಗೆ ನಾಲ್ಕು ಪಟ್ಟಿ.
ಮಗಳಿಗೆ ಹೆಸರಿಟ್ಟ ದಿನ ಬ್ರೆಜಿಲಿನಲ್ಲಿದ್ದರಂತೆ.
ತಾಯಿ ತೀರಿದ ಸುದ್ದಿ ಮುಟ್ಟಿದ್ದು
ಸುಯೆಜ್ ಕಾಲುವೆಯ ಸಾಲಿನಲ್ಲಿ
ಹನ್ನೊಂದನೆಯವರಾಗಿ ಕಾಯುವಾಗ.
ಅಷ್ಟು ಏರಿ, ಅಷ್ಟನ್ನೂ ಕೆಳಗಿಟ್ಟು
ಮತ್ತೆ ಒಂದನೇ ಕ್ಲಾಸಿಗೆ ಬಂದು ಕೂತರು:
ಲೋಕದ ಸಮುದ್ರವೆಲ್ಲ ಆಯಿತು,
ಇನ್ನು ಒಂದು ಬಂದರು ಕಲಿಯಬೇಕು.

ಪರೀಕ್ಷೆಗೆ ಕೊಡುವುದು ಒಂದು ಖಾಲಿ ಹಾಳೆಯಂತೆ.
ಬಂದರನ್ನು ನೀವೇ ಹಾಕಬೇಕು.
ತಡೆಗೋಡೆಯ ಮೊಣಕೈ, ಒಂದೊಂದು ತೇಲುಬುರುಡೆ,
ಯಾವುದು ಕೆಂಪು, ಎಷ್ಟು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುತ್ತದೆ,
ಎಲ್ಲಿ ಹದಿನಾಲ್ಕು ಮೀಟರು, ಎಲ್ಲಿ ಬರೀ ಆರು,
ಝುವಾರಿ ತನ್ನ ಕೆಸರನ್ನು ಎಲ್ಲಿ ತಂದು ಸುರಿಯುತ್ತಾಳೆ.
ರಬ್ಬರು ಬಳಸುವಂತಿಲ್ಲ.

ಸರದಿ ಕಾಯುತ್ತ ಬೋಟಿನಲ್ಲಿ ಕೂತು
ಬಿಸ್ಕೀಟು ಪಾಕೀಟಿನ ಬೆನ್ನು, ಹಳೇ ‘ತರುಣ’ ಕ್ಯಾಲೆಂಡರು,
ಸಿಕ್ಕಿದ್ದರ ಮೇಲೆಲ್ಲ ಬಂದರು ಬರೆದರು.
ಒಂದು ದಿನ ಇಣುಕಿದೆ.
“ಅಜ್ಜಿಖಡಪ ಎಲ್ಲಿ, ಸಾಯ್ಬಾ?”
“ಚಾರ್ಟಿನಲ್ಲಿ ಹಾಗೆಂಬ ಬಂಡೆಯಿಲ್ಲ, ಬೊಮ್ಮಯ್ಯ.”
“ಇರಲಿಕ್ಕಿಲ್ಲ. ಅಜ್ಜಿ ಚಾರ್ಟು ಓದಿದವಳಲ್ಲ.
ನನ್ನ ತಮ್ಮನ ದೋಣಿ ಮಾತ್ರ ಅವಳ ಮಡಿಲಲ್ಲಿದೆ.”
ಅವರು ಪೆನ್ಸಿಲು ನನ್ನ ಕೈಗೆ ಕೊಟ್ಟರು.
ನಾನು ಒಂದು ಚುಕ್ಕೆ ಇಟ್ಟೆ.

ಜೂನು. ಎದುರಿಗೆ ಕಬ್ಬಿಣದ ಗೋಡೆ,
ಮೂರು ಮಾಳಿಗೆ ಎತ್ತರ, ಒದ್ದೆ.
ಮೇಲಿನಿಂದ ಒಂದು ಹಗ್ಗದ ಏಣಿ.
ಪುಸ್ತಕದಲ್ಲಿ ಎಲ್ಲ ಇದೆ, ಕಾಲಿಗೆ ಗೊತ್ತಿಲ್ಲ.
“ತಗ್ಗಿನಲ್ಲಿ ಹಿಡಿಯಬೇಡಿ.
ಬೋಟು ಎದ್ದು ಬಂದು ಕಾಲು ಅರೆಯುತ್ತದೆ.
ಅಲೆಯ ನೆತ್ತಿಯಲ್ಲಿ, ಇಳಿಯುವ ಮುಂಚಿನ ಅರೆಗಳಿಗೆಯಲ್ಲಿ.”
“ಅದು ಹೇಗೆ ಗೊತ್ತಾಗುತ್ತದೆ?”
“ಹೊಟ್ಟೆ ಹಗುರಾಗುತ್ತದೆ.”
ನಲವತ್ತು ಸಲ ನಾನೇ “ಈಗ” ಅಂದೆ.
ನಲವತ್ತೊಂದನೆಯ ಸಲ
ನನ್ನ ಬಾಯಿ ತೆರೆಯುವ ಮೊದಲೇ
ಬೋಟು ಒಂದು ಆಳಿನಷ್ಟು ಹಗುರಾಯಿತು.

ಪಾಸಾದರು.
ಚಹಾದ ಗ್ಲಾಸಿನೊಳಗೆ ನೋಡುತ್ತ ಹೇಳಿದರು:
“ಪರೀಕ್ಷಕರು ಕೇಳಿದರು, ಇದೇನು ಚುಕ್ಕೆ, ಶಾಯಿ ಚೆಲ್ಲಿತೇ ಅಂತ.
ಹೌದು ಅಂದೆ, ಬೊಮ್ಮಯ್ಯ.”
ನಾನು ಎಂಜಿನ್ನಿಗೆ ಎಣ್ಣೆ ಹಾಕಿದೆ.
ಅಳಿಸಲಂತೂ ಆಗಿಲ್ಲ ಯಾರಿಗೂ.
ಯಾವುದೋ ಕಪಾಟಿನ ಯಾವುದೋ ಫೈಲಿನಲ್ಲಿ
ನನ್ನ ತಮ್ಮ ಇದ್ದಾನೆ.

ಮೊದಲ ಸಲ ಒಬ್ಬರೇ ತಂದದ್ದು ಕಲ್ಲಿದ್ದಲ ಹಡಗು.
ಒಂದೂವರೆ ತಾಸು. ಧಕ್ಕೆಗೆ ಹೂವಿಟ್ಟಂತೆ ಇಟ್ಟರು.
“ಒಟ್ಟು ಎಷ್ಟು ಮಾತಾಡಿದಿರಿ ಮೇಲೆ?”
ಎಣಿಸಿ ಹೇಳಿದರು: “ಹದಿನೈದಿರಬಹುದು.”
ವರ್ಷಕ್ಕೆ ಒಂದೂ ಬೀಳಲಿಲ್ಲ.

ಹತ್ತುವಾಗ ಈಗ ನನ್ನ ಕಡೆ ನೋಡುವುದಿಲ್ಲ ಅವರು.
ಹಡಗನ್ನು ಹೊರದಾಟಿಸಿ ಇಳಿಯುವಾಗ ಮಾತ್ರ
ಮುಖ ಕಬ್ಬಿಣಕ್ಕೆ, ಬೆನ್ನು ಕಡಲಿಗೆ,
ಒಂದು ಕಾಲು ಗಾಳಿಯಲ್ಲಿ ಬೋಟನ್ನು ಹುಡುಕುತ್ತದೆ.
“ಬೊಮ್ಮಯ್ಯ?”
ಅಲೆ ಏಳುತ್ತದೆ.
ತಡೆಯಿರಿ ಸಾಯ್ಬಾ,
ತಡೆಯಿರಿ,
ಈಗ.